ಹಳೆ ಡೀಸೆಲ್ ಪಿಕಪ್ ರೆಡಿ ಮಾಡಿಸೋದಾದರೆ ಯಾವುದು? ಟಾಟಾಮೊಬೈಲ್, 207 ಡಿಐ, ಕ್ಯಾಂಪರ್ ಹೋಲಿಕೆ

ಸಕಲೇಶಪುರ, ಮೂಡಿಗೆರೆ ಕಡೆ ತೋಟಗಳಲ್ಲಿ ಒಂದು ಸುತ್ತು ಹಾಕಿದರೆ ಶೆಡ್ಡಿನ ಮೂಲೆಯಲ್ಲಿ ನಿಂತ ಹಳೆ ಪಿಕಪ್ ಒಂದಾದರೂ ಕಣ್ಣಿಗೆ ಬೀಳುತ್ತದೆ. ಮೇಲೆ ಹರಿದ ಟಾರ್ಪಾಲು. ಟಯರಿನಲ್ಲಿ ಗಾಳಿ ಇಲ್ಲ. ಹಿಂದಿನ ಬಾಡಿಯಲ್ಲಿ ಒಣಗಿದ ಕಾಫಿ ಸಿಪ್ಪೆ. ವಿಚಾರಿಸಿದರೆ ಮಾರುವವರು ಹೇಳೋದು ಒಂದೇ ಮಾತು: "ಎಂಜಿನ್ ಸೂಪರಾಗಿದೆ ಸಾರ್, ಬ್ಯಾಟರಿ ಹಾಕಿದ್ರೆ ಸಾಕು."

ಆ ಮಾತು ನಿಜವೇ ಇರಬಹುದು. ಆದರೆ ಈ ಗಾಡಿಗಳಲ್ಲಿ ಎಂಜಿನ್ನೇ ಎಲ್ಲಕ್ಕಿಂತ ಸುಲಭದ ಕೆಲಸ. ಬೋರ್, ಅಂದರೆ ಪಿಸ್ಟನ್ ಓಡಾಡುವ ಕೊಳವೆ, ತೇದಿದ್ದರೆ ಲೇತಿಗೆ ಕೊಡಬಹುದು. ಡೀಸೆಲ್ ಪಂಪ್ ಕೆಟ್ಟಿದ್ದರೆ ಬಿಚ್ಚಿ, ಅದನ್ನು ಪರೀಕ್ಷಿಸಿ ಹೊಂದಿಸುವ ಬೆಂಚಿಗೆ ಹಾಕಿಸಬಹುದು. ಸತ್ತುಹೋದ ಆರ್‌ಸಿಯನ್ನು ಯಾವ ಲೇತಿನಲ್ಲಿ ಸರಿ ಮಾಡಿಸ್ತೀರಿ? ಒಳಗಿನಿಂದ ತಿಂದುಹೋದ ಚಾಸಿಗೆ ಯಾವ ಬೆಂಚಿದೆ? ಅದಕ್ಕೇ ನಾನು ನೋಡುವ ಕ್ರಮ ತಲೆಕೆಳಗು. ಮೊದಲು ಕಾಗದ, ಆಮೇಲೆ ಚಾಸಿ, ಆಮೇಲೆ ಕ್ಯಾಬ್, ಕೊನೆಗೆ ಎಂಜಿನ್.

ಮೊದಲು ಯಾವ ಗಾಡಿ ಅನ್ನೋದನ್ನು ನೋಡೋಣ.

ಟಾಟಾಮೊಬೈಲ್

1988ರಲ್ಲಿ ಬಂದ ಗಾಡಿ ಇದು. ಆಗ ಟಾಟಾ ಅಂದರೆ ಲಾರಿ, ಬಸ್ಸು. ಕಾರಿನ ಹಾಗೆ ಕೂತು ಓಡಿಸುವ ಪಿಕಪ್ ಅಂತ ಅವರು ಮಾಡಿದ ಮೊದಲನೆಯದು ಇದೇ. ಆಮೇಲೆ ಬಂದ ಸಿಯೆರಾ, ಎಸ್ಟೇಟ್, ಸುಮೊ ಎಲ್ಲ ಇದರ ಬೆನ್ನ ಮೇಲೆಯೇ ಹುಟ್ಟಿದವು. ಎಂಜಿನ್ 1948 ಸಿಸಿ, ನಾಲ್ಕು ಸಿಲಿಂಡರ್, ಟರ್ಬೊ ಇಲ್ಲ. ಡೀಸೆಲ್ ನೇರವಾಗಿ ಸಿಲಿಂಡರಿಗೆ ಬೀಳದೆ ಹೆಡ್ಡಿನಲ್ಲಿರುವ ಪುಟ್ಟ ಕೋಣೆಯಲ್ಲಿ ಮೊದಲು ಹೊತ್ತಿಕೊಳ್ಳುತ್ತದೆ. ಅದರಿಂದ ಸದ್ದು ಕಡಿಮೆ, ನಡುಕ ಕಡಿಮೆ. ಅದೇ ಕಾರಣಕ್ಕೆ ಬೆಳಗಿನ ಚಳಿಯಲ್ಲಿ ಹೀಟರ್ ಪ್ಲಗ್ ಸರಿ ಇಲ್ಲದಿದ್ದರೆ ಸ್ಟಾರ್ಟ್ ಆಗೋದೂ ಕಷ್ಟ. ನಾಲ್ಕರಲ್ಲಿ ಎರಡು ಪ್ಲಗ್ ಹೋದರೆ ಸೆಲ್ಫ್ ತಿರುಗುತ್ತಲೇ ಇರುತ್ತದೆ, ಬಿಳಿ ಹೊಗೆ ಬರುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಎಷ್ಟೋ ಜನ ಇದನ್ನೇ ಎಂಜಿನ್ ಹೋಯಿತು ಅಂದುಕೊಂಡು ಗಾಡಿ ಮೂಲೆಗೆ ಸೇರಿಸಿದ್ದಾರೆ. ಒಂದು ಟೆಸ್ಟ್ ಲ್ಯಾಂಪ್ ಇದ್ದರೆ ಹತ್ತು ನಿಮಿಷದ ತಪಾಸಣೆ.

ಇದರ ತೊಂದರೆ ಎಂಜಿನ್ ಅಲ್ಲ, ಬಿಡಿಭಾಗ. ಗ್ರಿಲ್, ಹೆಡ್‌ಲೈಟ್, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್, ಬಾಗಿಲಿನ ರಬ್ಬರ್, ಇವನ್ನು ಹುಡುಕುವುದರಲ್ಲೇ ತಿಂಗಳು ಕಳೆಯುತ್ತದೆ. ಕೆಲವು ಸಾಮಾನು 207ರದ್ದು ಹೊಂದುತ್ತವೆ. ಆದರೂ ಪಕ್ಕದಲ್ಲಿಟ್ಟು ನೋಡದೆ ದುಡ್ಡು ಕೊಡಬೇಡಿ. ಹೊರೆ ಹೊರುವ ಕೆಲಸಕ್ಕೆ ಇದನ್ನು ತಗೊಳ್ಳೋದೂ ಬೇಡ. ಭಾನುವಾರ ಹಾಸನದವರೆಗೆ ಹೋಗಿ ಬರೋಕೆ, ಮನೆ ಮುಂದೆ ಚೆಂದಾಗಿ ನಿಲ್ಲಿಸೋಕೆ ಇದರಷ್ಟು ಲಕ್ಷಣದ ಗಾಡಿ ಇನ್ನೊಂದಿಲ್ಲ. ಬಾಡಿ ಪೂರ್ತಿ ಇರುವುದು ಸಿಕ್ಕರೆ ಮಾತ್ರ ತಗೊಳ್ಳಿ. ಗ್ರಿಲ್ ಇಲ್ಲದ, ಬೇರೆ ಯಾವುದೋ ಗಾಡಿಯ ಲೈಟು ಕೂರಿಸಿದ ಟಾಟಾಮೊಬೈಲ್ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ಟಾಟಾ 207 ಡಿಐ

ನೋಡೋಕೆ ಅದರ ಅಣ್ಣನ ಹಾಗೆ, ಗುಣದಲ್ಲಿ ಬೇರೆ. ಇದರಲ್ಲಿ 2956 ಸಿಸಿಯ ಎಂಜಿನ್ ಇದೆ. 497 ಅಂತ ಕರೆಯುವ ಕುಟುಂಬ. 4 ಸಿಲಿಂಡರ್, 97 ಮಿ.ಮೀ. ಬೋರ್, ಹೆಸರಿನಲ್ಲೇ ಲೆಕ್ಕ ಇದೆ. 1986ರಿಂದ ನಮ್ಮ ರಸ್ತೆಯಲ್ಲಿರುವ 407 ಮಿನಿ ಲಾರಿಯ ಎಂಜಿನ್ ಕೂಡ ಇದೇ ಬಳಗದ್ದು. ಸುಮೊ ಸ್ಪೇಸಿಯೊದಲ್ಲೂ ಇದೇ 2956 ಸಿಸಿ ಇತ್ತು. ಅಂದರೆ ಏನು? ತಾಲ್ಲೂಕು ಕೇಂದ್ರದ ಯಾವ ಗ್ಯಾರೇಜಿಗೆ ಹೋದರೂ ಈ ಎಂಜಿನ್ ಬಿಚ್ಚಿ ಕಟ್ಟಿದ ಕೈ ಒಂದು ಇದ್ದೇ ಇರುತ್ತದೆ. ಪಿಸ್ಟನ್, ರಿಂಗ್, ಬೇರಿಂಗ್, ಗ್ಯಾಸ್ಕೆಟ್ ಯಾವುದಕ್ಕೂ ಅಲೆಯಬೇಕಾಗಿಲ್ಲ.

ಡಿಐ ಅಂದರೆ ಡೀಸೆಲ್ ನೇರ ಪಿಸ್ಟನ್ ಮೇಲಕ್ಕೇ ಬೀಳುತ್ತದೆ. ಕಟಕಟ ಸದ್ದು ಜಾಸ್ತಿ. ಐಡ್ಲಿಂಗಿನಲ್ಲಿ ಕನ್ನಡಿ ನಡುಗುತ್ತದೆ. ಆದರೆ ಡೀಸೆಲ್ ಕಡಿಮೆ ಕುಡಿಯುತ್ತದೆ, ಚಳಿಗೆ ಹೆದರುವುದಿಲ್ಲ, ಕೆಳಗಿನ ಗೇರಿನಲ್ಲಿ ಅವಸರವಿಲ್ಲದೆ ಎಳೆಯುತ್ತದೆ. ಶಿರಾಡಿ ಘಾಟಿಯಲ್ಲಿ ಹೊರೆ ಹಾಕಿಕೊಂಡು ಹತ್ತುವಾಗ ಈ ಎಂಜಿನ್ ಮೇಲೆ ಪ್ರೀತಿ ಬರುತ್ತದೆ. ಗೊಬ್ಬರ, ಹುಲ್ಲು, ಸಿಮೆಂಟು, ಮೆಣಸಿನ ಮೂಟೆ ಹೊರುವ ಕೆಲಸ ನಿಜವಾಗಿ ಇದೆಯಾ? ಯೋಚನೆ ಮಾಡದೆ 207 ತಗೊಳ್ಳಿ. ಕೆಲಸ ಇಲ್ಲ, ಓಡಾಟಕ್ಕೆ ಮಾತ್ರ ಅಂದರೆ ಬೇಡ. ಖಾಲಿ ಓಡುವಾಗ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಕುಣಿಸಿ ಹಾಕುತ್ತವೆ. ಒಂದೆರಡು ಪಟ್ಟಿ ತೆಗೆದರೆ ಮೆತ್ತಗಾಗುತ್ತದೆ ಅಂತ ಹೇಳುವವರು ಸಿಗುತ್ತಾರೆ. ಮೆತ್ತಗಾಗುತ್ತದೆ, ಆದರೆ ಹೊರೆ ಹಾಕಿದ ದಿನ ಬಗ್ಗಿ ಆಕ್ಸಲ್ಲಿಗೆ ತಾಗುತ್ತದೆ. ಪಟ್ಟಿ ತೆಗೆಯುವ ಬದಲು ಪಿನ್ನು, ಬುಷ್ಷು, ಶ್ಯಾಕಲ್ ಹೊಸದು ಹಾಕಿಸಿ, ಪಟ್ಟಿಗಳ ನಡುವೆ ತುಕ್ಕು ಉಜ್ಜಿ ಗ್ರೀಸ್ ಹಚ್ಚಿಸಿ. ಅರ್ಧ ಕುಣಿತ ಅಷ್ಟಕ್ಕೇ ನಿಲ್ಲುತ್ತದೆ.

ಮಹೀಂದ್ರ ಕ್ಯಾಂಪರ್

ಬೊಲೆರೊ ಬಂದಿದ್ದು 2000ದಲ್ಲಿ. ಕ್ಯಾಂಪರ್ ಅದೇ ಮುಖದ ಡಬಲ್ ಕ್ಯಾಬ್ ಪಿಕಪ್. ಒಳಗೆ ಐದು ಜನ, ಹಿಂದೆ ಹೊರೆ. ಎಂಜಿನ್ 2523 ಸಿಸಿಯ ಡಿಐ. ಹಳೆ ಕಮಾಂಡರ್, ಮಾರ್ಷಲ್ ಕಂಡವರಿಗೆ ಆ ಟ್ರಾಕ್ಟರ್ ಥರದ ದನಿ ಗೊತ್ತು. ಇದಕ್ಕಿರುವ ಒಂದು ದೊಡ್ಡ ಅನುಕೂಲ ಏನೆಂದರೆ ಫೋರ್ ವೀಲ್ ಇರುವ ಕ್ಯಾಂಪರ್ ಸಿಗುತ್ತದೆ. ಮಳೆಗಾಲದಲ್ಲಿ ತೋಟದೊಳಗಿನ ಕೆಂಪು ಮಣ್ಣಿನ ಏರು ಹತ್ತಬೇಕಾದರೆ ಉಳಿದ ಎರಡೂ ಗಾಡಿ ಒದ್ದಾಡಿದ ಜಾಗದಲ್ಲಿ ಇದು ಸುಮ್ನೆ ಹೋಗುತ್ತದೆ.

ಇಲ್ಲಿ ಒಂದು ಗೆರೆ ಎಳೆದುಕೊಳ್ಳಿ. ಹಳೆ ಕ್ಯಾಂಪರಿನಲ್ಲಿ ಮೆಕ್ಯಾನಿಕಲ್ ಪಂಪ್. ಆಮೇಲಿನದರಲ್ಲಿ ಕಾಮನ್ ರೈಲ್, ಅಂದರೆ ಡೀಸೆಲ್ ಬೀಳುವುದನ್ನು ಕಂಪ್ಯೂಟರ್ ನೋಡಿಕೊಳ್ಳುವ ಬಗೆ. ಕಾಮನ್ ರೈಲ್ ಗಾಡಿ ಓಡಿಸೋಕೆ ಚೆನ್ನ, ಆದರೆ ಸೆನ್ಸರ್ ಕೈಕೊಟ್ಟರೆ ಸ್ಕ್ಯಾನರ್ ಇರುವವರ ಬಾಗಿಲಿಗೇ ಹೋಗಬೇಕು. ಇಲಿ ಕಡಿದ ವೈರಿಂಗ್, ನೀರು ಕುಡಿದ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಇರುವ ಗಾಡಿ ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತಿದ್ದರೆ ಖರ್ಚು ಎಲ್ಲಿಗೆ ನಿಲ್ಲುತ್ತದೆ ಅಂತ ಯಾರೂ ಹೇಳಲಾರರು. ಬಹಳ ದಿನ ನಿಂತ ಗಾಡಿಯನ್ನು ಎಬ್ಬಿಸುವುದಾದರೆ ಮೆಕ್ಯಾನಿಕಲ್ ಪಂಪಿನದೇ ಆಗಲಿ. ಓಡುತ್ತಾ ಇರುವ ಗಾಡಿಗೆ ಮುಖ ತೊಳೆಸುವುದಾದರೆ ಕಾಮನ್ ರೈಲ್ ಪರವಾಗಿಲ್ಲ.

ಮೂರರಲ್ಲಿ ಒಂದನ್ನೇ ಹೇಳಿ ಅಂದರೆ? ಮನೆಯವರೂ ಕೂರಬೇಕು, ಮಣ್ಣು ರಸ್ತೆಯೂ ಇದೆ ಅನ್ನುವವರಿಗೆ ಮೆಕ್ಯಾನಿಕಲ್ ಪಂಪಿನ ಫೋರ್ ವೀಲ್ ಕ್ಯಾಂಪರ್. ಬರೀ ಕೆಲಸಕ್ಕೆ 207. ನನ್ನ ಹತ್ತಿರ ಇರೋದು 207.

ಕಾಗದ

ಪಿಕಪ್‌ಗಳಲ್ಲಿ ಬಹುಪಾಲು ಹಳದಿ ಬೋರ್ಡು, ಗೂಡ್ಸ್ ಗಾಡಿ ಅಂತ ನೋಂದಣಿ ಆದವು. ಇದನ್ನು ಮರೆತು ಕಾರಿನ ಲೆಕ್ಕದಲ್ಲಿ ತಗೊಂಡವರು ಒದ್ದಾಡುವುದನ್ನು ಕಂಡಿದ್ದೇನೆ. ಬಿಳಿ ಬೋರ್ಡಿನ ಗಾಡಿಗೆ 15 ವರ್ಷಕ್ಕೆ ಆರ್‌ಸಿ ನವೀಕರಣ, ಆಮೇಲೆ ಐದೈದು ವರ್ಷಕ್ಕೆ. ಹಳದಿ ಬೋರ್ಡಿಗೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟು. ಪ್ರತಿ ವರ್ಷ ಅಂದರೆ ಪ್ರತಿ ವರ್ಷ ಬ್ರೇಕು, ಲೈಟು, ಹೊಗೆ ಎಲ್ಲ ಸರಿ ಇರಲೇಬೇಕು. ಹಳೆ ಗಾಡಿಗಳ ಶುಲ್ಕವೂ 2022ರ ಏಪ್ರಿಲ್‌ನಿಂದ ಏರುತ್ತಲೇ ಇದೆ. ಆವತ್ತಿನ ದರ ಎಷ್ಟು ಅಂತ ಆರ್‌ಟಿಒದಲ್ಲಿ ಕೇಳಿಕೊಂಡೇ ಗಾಡಿಗೆ ಬೆಲೆ ಕಟ್ಟಿ.

ಸಮಾಧಾನದ ವಿಷಯವೂ ಇದೆ. ಆರ್‌ಸಿಯಲ್ಲಿ ಒಟ್ಟು ತೂಕ 3000 ಕೆ.ಜಿ. ಮೀರದಿದ್ದರೆ ಪರ್ಮಿಟ್ ಬೇಕಿಲ್ಲ. ಕಾರಿನ ಲೈಸೆನ್ಸ್ ಇರುವವರು 7500 ಕೆ.ಜಿ. ಒಳಗಿನ ಗೂಡ್ಸ್ ಗಾಡಿ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರಿನಲ್ಲಿ ಸ್ಪಷ್ಟವಾಗಿ ಹೇಳಿದೆ.

ಅಗ್ಗಕ್ಕೆ ಸಿಗುವ ಎರಡು ಬಗೆಯ ಗಾಡಿ ಬಗ್ಗೆ ಎಚ್ಚರ ಇರಲಿ. ಒಂದು, ಸರ್ಕಾರಿ ಇಲಾಖೆಯ ಹರಾಜಿನದ್ದು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ ಮುಂದುವರಿಯುವುದಿಲ್ಲ. ಅದು ನಿಮ್ಮ ಕೈಗೆ ಬಂದರೂ ಬಿಡಿಭಾಗಕ್ಕೆ ಮಾತ್ರ. ಇನ್ನೊಂದು, ದೆಹಲಿ ಕಡೆಯದ್ದು. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗೆ ರಸ್ತೆಗಿಳಿಯಲು ತೊಂದರೆ ಇರುವುದರಿಂದ ಕಡಿಮೆ ಬೆಲೆಗೆ ದಕ್ಷಿಣಕ್ಕೆ ಬರುತ್ತವೆ. ಅಲ್ಲಿನ ಆರ್‌ಟಿಒ ಕೊಟ್ಟ ಎನ್‌ಒಸಿ (ಆಕ್ಷೇಪ ಇಲ್ಲ ಅನ್ನುವ ಪತ್ರ) ಕೈಯಲ್ಲಿ ಹಿಡಿದು ನೋಡದೆ ಮುಂಗಡ ಕೊಡಬೇಡಿ. ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು ಅನ್ನೋದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ಚಾಸಿ ನಂಬರ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ನಾನೇ ಅನುಭವಿಸಿದ್ದು.

ಆರ್‌ಟಿಒಗೆ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಕೊಡಬೇಕಾಗುತ್ತದೆ. ನಂಬರ್ ಕೊರೆದ ಜಾಗದ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ಉಜ್ಜುವುದು. ನನ್ನ 207 ತಗೊಂಡಾಗ ನಾನು ಈ ಜಾಗ ನೋಡಿರಲೇ ಇಲ್ಲ. ಮನೆಗೆ ತಂದು ಸೀಮೆಎಣ್ಣೆ ಹಾಕಿ ಬ್ರಷ್ಷಿನಲ್ಲಿ ತಿಕ್ಕಿದೆ. ಮಣ್ಣು ಹೋಯಿತು, ಗ್ರೀಸ್ ಹೋಯಿತು, ಅದರಡಿ ಹಳೆ ವೆಲ್ಡಿಂಗಿನ ಗುಡ್ಡೆ ಕಾಣಿಸಿತು. ಯಾರೋ ಹಿಂದೆ ಬ್ರಾಕೆಟ್ ಕೂರಿಸುವಾಗ ಪಕ್ಕದಲ್ಲೇ ಗ್ರೈಂಡರ್ ಓಡಿಸಿದ್ದರು. ಕಾಗದ ಇಟ್ಟು ಉಜ್ಜಿದರೆ ಎಲ್ಲ ಅಂಕಿ ಬಂತು, ಒಂದನ್ನು ಬಿಟ್ಟು. ಅದು 3ಕ್ಕೂ ಸರಿ, 8ಕ್ಕೂ ಸರಿ. ಐದಾರು ಸಲ ಉಜ್ಜಿದೆ. ಬೆಳಕು ಅಡ್ಡ ಹಿಡಿದು ನೋಡಿದೆ. ಆ ಒಂದು ಅಂಕಿಗಾಗಿ ಗಾಡಿ ನನ್ನ ಹೆಸರಿಗೆ ಆಗೋಕೆ ಎರಡು ತಿಂಗಳು ಹಿಡಿಯಿತು. ಈಗ ಯಾವ ಹಳೆ ಗಾಡಿ ನೋಡೋಕೆ ಹೋದರೂ ಜೇಬಿನಲ್ಲಿ ಪೆನ್ಸಿಲ್, ಕಾಗದ, ಒಂದು ತಂತಿ ಬ್ರಷ್ ಇರುತ್ತದೆ. ಪ್ರಿಂಟ್ ತೆಗೆದು ಆರ್‌ಸಿ ಪಕ್ಕದಲ್ಲಿಟ್ಟು ಅಂಕಿ ಅಂಕಿ ಹೋಲಿಸಿ. ಎಂಜಿನ್ ನಂಬರನ್ನೂ ಹಾಗೇ. ಆಮೇಲೆ ಪೇಂಟ್ ಮಾಡಿಸುವಾಗ ಆ ಜಾಗಕ್ಕೆ ಟೇಪ್ ಹಚ್ಚಿ ಮುಚ್ಚಿಸಿ.

ಸಾಲದ ಹೆಸರು ಇನ್ನೂ ಆರ್‌ಸಿಯಲ್ಲಿದೆಯಾ ಅಂತಲೂ ನೋಡಿ. ಇದ್ದರೆ ಫೈನಾನ್ಸಿನವರ ಎನ್‌ಒಸಿ, ಸಾಲ ತೀರಿತು ಅನ್ನುವ ಫಾರಂ 35 ಬಾರದೆ ಏನೂ ಮುಂದೆ ಹೋಗುವುದಿಲ್ಲ.

ಚಾಸಿ ಮತ್ತು ಕ್ಯಾಬ್

ಒಂದು ದೊಡ್ಡ ಸ್ಕ್ರೂಡ್ರೈವರ್ ತಗೊಂಡು ಗಾಡಿ ಕೆಳಗೆ ಮಲಗಿ. ಅದರ ಹಿಡಿಯಿಂದ ಚಾಸಿಯನ್ನು ಉದ್ದಕ್ಕೂ ಬಡಿಯುತ್ತಾ ಹೋಗಿ. ಗಟ್ಟಿ ಇದ್ದ ಕಡೆ ಟಣ್ ಅನ್ನುತ್ತದೆ. ತಿಂದುಹೋದ ಕಡೆ ಮಂದ ಸದ್ದು, ಜೊತೆಗೆ ತುಕ್ಕಿನ ಚಕ್ಕೆ ಮುಖದ ಮೇಲೆ ಉದುರುತ್ತದೆ. ಅಲ್ಲಿ ತುದಿಯಿಂದ ಒತ್ತಿ ನೋಡಿ. ಹಿಂದಿನ ಪಟ್ಟಿ ಕೂರುವ ಬ್ರಾಕೆಟ್ಟಿನ ಮೇಲ್ಭಾಗ, ಅಡ್ಡಪಟ್ಟಿ ಸೇರುವ ಮೂಲೆ, ಹಿಂದಿನ ಬಾಡಿ ಕೂತ ಜಾಗದ ಅಡಿ, ಇವೇ ಮೊದಲು ಹೋಗೋದು. ಗೊಬ್ಬರ, ಉಪ್ಪು, ಮೀನು ಹೊತ್ತ ಗಾಡಿಯಾದರೆ ಇನ್ನೂ ಬೇಗ. ಮಂಗಳೂರು, ಕಾರವಾರದ ಕಡೆಯ ಗಾಡಿ ನೋಡಲು ಹೋದಾಗ ನಾನು ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ ಕೆಳಗೆ ಮಲಗುತ್ತೇನೆ. ಚಿತ್ರದುರ್ಗ, ಬಳ್ಳಾರಿ ಕಡೆ ಓಡಿದ ಗಾಡಿಯ ಎಂಜಿನ್ ಧೂಳಿಗೆ ತೇದಿರಬಹುದು, ಚಾಸಿ ಮಾತ್ರ ಒಣಗಿ ಗಟ್ಟಿ ಇರುತ್ತದೆ. ಎರಡರಲ್ಲಿ ಒಂದು ಆರಿಸಬೇಕಾದರೆ ನಾನು ಬಳ್ಳಾರಿಯದ್ದನ್ನೇ ತಗೊಳ್ತೇನೆ.

ಕ್ಯಾಬಿನಲ್ಲಿ ಮ್ಯಾಟ್ ಎತ್ತಿ ನೆಲ ನೋಡಿ. ಕಾಲಿಡುವ ಜಾಗ, ಗಾಜಿನ ರಬ್ಬರಿನ ಅಡಿ, ಬಾಗಿಲಿನ ಕೆಳ ಅಂಚು. ಇಲ್ಲಿ ತೂತಿದ್ದರೆ ಪರವಾಗಿಲ್ಲ, ತಗಡು ಕತ್ತರಿಸಿ ಹೊಸದು ಹಾಕಬಹುದು. ಆದರೆ ಪುಟ್ಟಿ ತುಂಬಿ ಮುಚ್ಚಿರಬಾರದು. ಒಂದು ಸಣ್ಣ ಅಯಸ್ಕಾಂತ ತಗೊಂಡು ಹೋಗಿ. ತಗಡಿಗೆ ಅಂಟುತ್ತದೆ, ದಪ್ಪ ಪುಟ್ಟಿಯ ಮೇಲೆ ಜಾರಿ ಬೀಳುತ್ತದೆ.

ಟಿಂಕರ್ (ತಗಡು) ಕೆಲಸಕ್ಕೆ ಕೊಡುವಾಗಲೂ ಇದೇ ಮಾತು ಮುಂಚೆಯೇ ಆಡಿಕೊಳ್ಳಿ. ನೆಲಕ್ಕೆ 18 ಗೇಜ್ ತಗಡು, ಅಂದರೆ ಸುಮಾರು 1.2 ಮಿ.ಮೀ. ಹಳೆ ತಗಡಿನ ಮೇಲೆ ಹೊಸದು ಹೊದಿಸುವುದು ಬೇಡ, ತುಕ್ಕಿದ್ದಷ್ಟು ಕತ್ತರಿಸಿಯೇ ಕೂರಿಸಬೇಕು. ಹೊದಿಸಿದರೆ ಎರಡರ ನಡುವೆ ನೀರು ನಿಂತು ಎರಡು ಮಳೆಗಾಲದಲ್ಲಿ ಎರಡೂ ಹೋಗುತ್ತವೆ. ಪುಟ್ಟಿಗೆ ಮೊದಲು ಎಪಾಕ್ಸಿ ಪ್ರೈಮರ್. ನನ್ನ ಗಾಡಿಗೆ ಎಂಜಿನ್‌ಗಿಂತ ಜಾಸ್ತಿ ದುಡ್ಡು ಹೋಗಿದ್ದು ಟಿಂಕರ್ ಮತ್ತು ಪೇಂಟಿಗೆ. ಜಾಸ್ತಿ ದಿನ ಹೋಗಿದ್ದೂ ಅಲ್ಲಿಗೇ. ಬಣ್ಣ ಆರ್‌ಸಿಯಲ್ಲಿ ಇದ್ದದ್ದೇ ಇರಲಿ. ಬದಲಿಸುವುದಾದರೆ ಅನುಮತಿ ತಗೊಂಡು ಆರ್‌ಸಿಯಲ್ಲೂ ಬದಲಿಸಿಕೊಳ್ಳಿ.

ಎಂಜಿನ್: ಬಿಚ್ಚಿಸೋದಾ, ಬೇರೆ ಹಾಕೋದಾ?

ತಣ್ಣಗಿರುವ ಎಂಜಿನ್ನನ್ನು ನಿಮ್ಮೆದುರಿಗೇ ಸ್ಟಾರ್ಟ್ ಮಾಡಿಸಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬಿಸಿ ಇದ್ದರೆ ಟೀ ಕುಡಿದು ಬನ್ನಿ, ಆರಲಿ. ಸ್ಟಾರ್ಟ್ ಆದಾಗ ಒಂದಿಷ್ಟು ಬಿಳಿ ಹೊಗೆ ಸಹಜ. ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆಯಾದರೆ ಪಂಪು, ನಾಝಲ್ ಅಥವಾ ಏರ್ ಫಿಲ್ಟರ್.

ಬಿಸಿಯಾದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು ಅದೇ ತೂತಿನ ಮೇಲೆ ಮಗುಚಿ ಇಡಿ. ಸುಮ್ನೆ ಕೂತಿದ್ದರೆ ಒಳ್ಳೆಯದು. ಕುಣಿದು ಹಾರಿಬಿದ್ದರೆ, ತೂತಿನಿಂದ ಬುಸುಬುಸು ಹೊಗೆ ಬಂದರೆ ಬ್ಯಾಕ್ ಕಂಪ್ರೆಷನ್. ರಿಂಗು, ಬೋರು ತೇದಿದೆ, ಎಂಜಿನ್ ಇಳಿಸಲೇಬೇಕು. ಹೆದರಬೇಡಿ, ಬೆಲೆ ಇಳಿಸಿ. ಕ್ರ್ಯಾಂಕ್ ಹಿಂದೆ ಎಷ್ಟು ಸಲ ಗ್ರೈಂಡ್ ಆಗಿದೆ, 0.25 ಮಿ.ಮೀ. ಆಗಿದೆಯಾ, 0.50 ಆಗಿದೆಯಾ ಅಂತ ಬಿಚ್ಚಿದ ಮೇಲೆ ಬೇರಿಂಗಿನ ಬೆನ್ನ ಮೇಲೆ ನೋಡಿ ಬರೆದಿಟ್ಟುಕೊಳ್ಳಿ.

ಬೇರೆ ಗಾಡಿಯ ದೊಡ್ಡ ಎಂಜಿನ್ ಕೂರಿಸಿ ಅನ್ನುವವರು ಬಹಳ. ಬೇಡ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿ ಕೊಟ್ಟ ರೂಪ ಬದಲಿಸುವುದಕ್ಕೆ ಅಡ್ಡ ನಿಲ್ಲುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿದಿದೆ. ಅಪಘಾತ ಆದ ದಿನ ಇನ್ಶೂರೆನ್ಸಿನವರು ಮೊದಲು ನೋಡೋದು ಎಂಜಿನ್ ನಂಬರ್. ಅದೇ ಮಾದರಿಯ ಇನ್ನೊಂದು ಎಂಜಿನ್ ಹಾಕುವುದಾದರೆ ಬಿಲ್ ಇಟ್ಟುಕೊಂಡು ಆರ್‌ಟಿಒಗೆ ತಿಳಿಸಿ, ಹೊಸ ನಂಬರ್ ಆರ್‌ಸಿಗೆ ಏರಿಸಿಕೊಳ್ಳಿ. ಶಿವಾಜಿನಗರದ ಗುಜರಿಯಲ್ಲಿ ಎಂಜಿನ್ ಸಿಗುತ್ತದೆ, ಆದರೆ ಯಾವ ಗಾಡಿಯದು ಅನ್ನುವ ಕಾಗದ ಇಲ್ಲದೆ ತರಬೇಡಿ. ಹೊಸ ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ. ನಾನು ಒಂದು ದಿನ ಪೂರ್ತಿ ಇಟ್ಟುಕೊಂಡು, ಹಳೆ ಸಾಮಾನನ್ನು ಚೀಲದಲ್ಲಿ ತುಂಬಿಕೊಂಡೇ ಹೋಗೋದು.

ಟರ್ಬೊ ಇಲ್ಲದ ಎಂಜಿನ್ನಿಗೆ ಟರ್ಬೊ ಕೂರಿಸುವುದೂ ಇದೇ ಸಾಲಿಗೆ ಸೇರುತ್ತದೆ. ಆ ಪಿಸ್ಟನ್, ಆ ಹೆಡ್ ಗ್ಯಾಸ್ಕೆಟ್ ಅಷ್ಟು ಬಿಸಿ, ಅಷ್ಟು ಒತ್ತಡ ತಡೆಯಲು ಮಾಡಿದ್ದಲ್ಲ.

ದುಡ್ಡು ಹಾಕಬೇಕಾದ್ದು ಪಂಪಿಗೆ. ನಮ್ಮ ಕಡೆ ಇಂದಿಗೂ ಅದನ್ನು ಮೈಕೋ ಪಂಪ್ ಅಂತಲೇ ಕರೆಯೋದು. ಬೆಂಗಳೂರಿನ ಆಡುಗೋಡಿಯ ಮೈಕೋ ಫ್ಯಾಕ್ಟರಿ ಹೆಸರು 2008ರಲ್ಲಿ ಬಾಷ್ ಆಯಿತು, ಗ್ಯಾರೇಜಿನ ಬಾಯಲ್ಲಿ ಹಳೆ ಹೆಸರೇ ಉಳಿಯಿತು. ಪಂಪಿನಲ್ಲಿ ಎರಡು ಬಗೆ. ಇನ್‌ಲೈನ್ ಪಂಪಿನಲ್ಲಿ ಸಿಲಿಂಡರಿಗೊಂದು ಪ್ಲಂಜರ್ ಸಾಲಾಗಿ ಇರುತ್ತದೆ, ಕೆಳಗಿನ ಕ್ಯಾಮಿಗೆ ಆಯಿಲ್ ಬೇರೆ. ರೋಟರಿ ಪಂಪಿಗೆ ಡೀಸೆಲ್ಲೇ ಆಯಿಲ್. ಟ್ಯಾಂಕಿನಲ್ಲಿ ನೀರು, ತುಕ್ಕು ಇದ್ದರೆ ರೋಟರಿ ಮೊದಲು ಸಾಯುತ್ತದೆ. ಬಹಳ ದಿನ ನಿಂತ ಗಾಡಿಯ ಟ್ಯಾಂಕ್ ಇಳಿಸಿ ತೊಳೆಸದೆ ಸೆಲ್ಫ್ ಹೊಡೆಯಲೇಬೇಡಿ. ನಾನೊಮ್ಮೆ ಅವಸರಕ್ಕೆ ಬಿದ್ದು, ಕ್ಯಾಲಿಬ್ರೇಷನ್ ಬೆಂಚ್ ಇಲ್ಲದ ಕಡೆ ಪಂಪ್ ಬಿಚ್ಚಿಸಿದೆ. ಕಿವಿಯಲ್ಲೇ ಸೆಟ್ ಮಾಡಿ ಕೊಟ್ಟರು. ಎಳೆತ ಜೋರಾಗೇ ಬಂತು, ಹಿಂದೆ ಕಪ್ಪು ಮೋಡವೂ ಬಂತು. ಎಮಿಷನ್ ಟೆಸ್ಟಿನಲ್ಲಿ ಫೇಲ್. ಮತ್ತೆ ಬೆಂಚಿಗೆ ಹಾಕಿಸಿ, ನಾಲ್ಕು ನಾಝಲ್ ಬದಲಿಸಿದ ಮೇಲೆ ಸರಿಯಾಯಿತು.

ಏನು ಸೇರಿಸಬಹುದು, ಏನು ಬೇಡ

ಬ್ರೇಕು ಮುಗಿಯುವ ತನಕ ಬೇರೆ ಯಾವುದಕ್ಕೂ ಕೈ ಹಾಕಬೇಡಿ. ಪೆಡಲ್ ಕಲ್ಲಿನ ಹಾಗೆ ಗಟ್ಟಿ ಇದ್ದರೆ ಎಲ್ಲರೂ ಬೂಸ್ಟರ್ ಬದಲಿಸುತ್ತಾರೆ. ಮೊದಲು ಡೈನಮೋ ಬೆನ್ನಿಗಿರುವ ವ್ಯಾಕ್ಯೂಮ್ ಪಂಪ್ ನೋಡಿ. ಬೂಸ್ಟರಿಗೆ ಬೇಕಾದ ಎಳೆತ ಬರೋದು ಅಲ್ಲಿಂದ. ಪೈಪು ಬಿಚ್ಚಿ ಬೆರಳು ಒತ್ತಿದರೆ ಎಳೆಯಬೇಕು.

ಮುಂದಿನ ಕಬ್ಬಿಣದ ಬುಲ್ ಬಾರ್ ಬೇಡ. 2017ರ ಡಿಸೆಂಬರಿನಲ್ಲೇ ಕೇಂದ್ರ ಸರ್ಕಾರ ಅದರ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಹೇಳಿದೆ. ಡಿಕ್ಕಿಯಾದಾಗ ಆ ಪೆಟ್ಟು ನೇರ ಚಾಸಿಗೆ, ಎದುರಿಗಿದ್ದ ಮನುಷ್ಯನಿಗೆ.

ಟಯರಿನಲ್ಲಿ ಆಸೆ ಮಿತಿಯಲ್ಲಿರಲಿ. 215/75 ಆರ್15 ಇದ್ದ ಕಡೆ 235/75 ಆರ್15 ಹಾಕಿದರೆ ಒಟ್ಟು ಎತ್ತರ 703 ಮಿ.ಮೀ.ನಿಂದ 733ಕ್ಕೆ ಏರುತ್ತದೆ. ಮೀಟರಿನಲ್ಲಿ 60 ತೋರಿಸುವಾಗ ಗಾಡಿ 62ರ ಮೇಲಿರುತ್ತದೆ, ಏರಿನಲ್ಲಿ ಎಳೆತ ಅಷ್ಟೇ ಕಮ್ಮಿ. ಅದಕ್ಕಿಂತ ಮೇಲೆ ಹೋದರೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ತಾಗುತ್ತದೆ, ವೀಲ್ ಬೇರಿಂಗ್ ತೇಯುತ್ತದೆ. ಒಳ್ಳೆ ಸೀಟು, ಹೊಸ ವೈರಿಂಗ್, ಹೆಡ್‌ಲೈಟಿಗೆ ರಿಲೇ, ಹಿಂದಿನ ಬಾಡಿ ನೆಲಕ್ಕೆ ಚೆಕರ್ ಪ್ಲೇಟ್, ಚಾಸಿಯೊಳಗೆ ತುಕ್ಕು ತಡೆಯುವ ಮೇಣ, ಇವಕ್ಕೆ ಖರ್ಚು ಮಾಡಿ. ಕಣ್ಣಿಗೆ ಕಾಣುವುದು ಕಮ್ಮಿ, ದಿನಾ ಓಡಿಸುವಾಗ ಗೊತ್ತಾಗುತ್ತದೆ.

ಎಂಜಿನ್ ಕಟ್ಟಿಸಿದವರು ಮೊದಲ 500 ಕಿ.ಮೀ. ಹೊರೆ ಹಾಕಬೇಡಿ. ಒಂದೇ ವೇಗದಲ್ಲಿ ಹೈವೇ ಮೇಲೆ ಉದ್ದಕ್ಕೂ ಬಿಡುವುದೂ ಬೇಡ, ಏರು ಇಳಿತ ಇರುವ ರಸ್ತೆಯೇ ಚೆನ್ನ. ಆಮೇಲೆ ಆಯಿಲ್, ಫಿಲ್ಟರ್ ಬದಲಿಸಿ. ಹಳೆ ಆಯಿಲನ್ನು ಬಿಳಿ ಬಟ್ಟೆಯ ಮೇಲೆ ಸುರಿದು ಬಿಸಿಲಿಗೆ ಹಿಡಿದು ನೋಡಿ, ಹೊಳೆಯುವ ಪುಡಿ ಇದ್ದರೆ ಅದೇ ದಿನ ಗ್ಯಾರೇಜಿಗೆ ತೋರಿಸಿ. ಇಲ್ಲದಿದ್ದರೆ ಹೆಡ್ ಬೋಲ್ಟಿನ ಟಾರ್ಕ್ ಮತ್ತು ಟ್ಯಾಪೆಟ್ ಒಮ್ಮೆ ನೋಡಿಸಿ, ಆಮೇಲೆ ಮೂಟೆ ಏರಿಸಿ.